ಮೂರನೆಯ ದಿನದ ನೀರು

ಅಡಿಲೇಡಿನ ಕಿಲ್ಬರ್ನ್ ಬಡಾವಣೆ. ೧೯೮೭ರ ಫೆಬ್ರವರಿಯ ಬಿಸಿಲು ನಲವತ್ತು ಡಿಗ್ರಿ ದಾಟಿದೆ. ಮೈಸೂರಿನ ಗೆಳತಿ ಡಾಕ್ಟರ್ ನಫೀಸಾಳ ಕ್ಲಿನಿಕ್ಕಿನಲ್ಲಿ ಕುಳಿತಿದ್ದೇನೆ. ತಲೆಸುತ್ತಿ ಬಿದ್ದ ಮುದುಕರೊಬ್ಬರನ್ನು ಮಗಳು ಕರೆತಂದಿದ್ದಾಳೆ. ಉತ್ತರ ಇರಾಕಿನ ಕಲ್ದೀಯ ಕ್ರೈಸ್ತರು. ನಫೀಸಾ ಕೊಟ್ಟ ನೀರನ್ನು ಅವರು ಮುಟ್ಟಲಿಲ್ಲ. ಇದೆಂಥ ಹಟ ಎಂದು ನನಗೆ ಸಿಟ್ಟು ಬಂತು.

ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಬೈಬಲಿನ ಕಥೆಯಲ್ಲಿ ಪಾಪದಲ್ಲಿ ಮುಳುಗಿದ್ದ ನಿನೆವೆ ನಗರ ಉಪವಾಸವಿದ್ದು ನಾಶದಿಂದ ಪಾರಾಯಿತಂತೆ. ಆ ನೆಲದವರಾದ ಇವರು ಪ್ರತಿ ವರ್ಷ ಮೂರು ದಿನ ನೀರೂ ಕುಡಿಯದೆ ಅದನ್ನು ಆಚರಿಸುತ್ತಾರೆ. ಅವರ ಊರಿನಲ್ಲಿ ಅದು ಹಿಮ ಬೀಳುವ ಕಾಲ. ಇಂದು ಮೂರನೆಯ ದಿನ, ಸಂಜೆಗೆ ಉಪವಾಸ ಮುಗಿಯುತ್ತದೆ. ಅವಳ ತಮ್ಮ ಇರಾಕಿನ ಸೈನ್ಯದಲ್ಲಿ, ಇರಾನ್ ಗಡಿಯ ಯುದ್ಧದಲ್ಲಿದ್ದಾನೆ. ಪತ್ರ ಬಂದು ತಿಂಗಳುಗಳಾಗಿವೆ.

"ನಮ್ಮಮ್ಮನೂ ಹೀಗೇ ಕಣೋ, ರಂಜಾನಲ್ಲಿ ಎಷ್ಟ್ ಹೇಳಿದ್ರೂ ಕೇಳ್ತಿರ್ಲಿಲ್ಲ," ಎಂದು ನಫೀಸಾ ನನಗೆ ಹೇಳಿ, ಫ್ಯಾನನ್ನು ಅವರತ್ತ ತಿರುಗಿಸಿದಳು. "ಸಂಜೆವರೆಗೂ ಇಲ್ಲೇ ಮಲಗಿರ್ಲಿ. ನಾನ್ ನೋಡ್ಕೋತೀನಿ."

ಮುದುಕರು ನನ್ನ ಬೆವರಿದ ಮುಖ ನೋಡಿದರು. ತಮ್ಮ ಮುಂದಿದ್ದ ಲೋಟವನ್ನು ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು. ಬೇಡವೆನ್ನಲಾಗದೆ ಕುಡಿದೆ. ಲೋಟ ಖಾಲಿಯಾಗುವವರೆಗೂ ಅವರು ಕಣ್ಣು ಕದಲಿಸಲಿಲ್ಲ. ಆಮೇಲೆ ಮೆಲ್ಲಗೆ ಏನೋ ಹೇಳಿದರು.

"ನನ್ನ ತಮ್ಮನಿಗೂ ನಿಮ್ಮಷ್ಟೇ ವಯಸ್ಸು ಅಂತಿದ್ದಾರೆ ಅಪ್ಪ," ಎಂದಳು ಮಗಳು.