ಬುದೈರ್ ಉಸ್ತಾದರ ಕೊನೆಯ ಚರಣ

ಸುಯೆಜ್ ಬಂದರಿನಲ್ಲಿ ಮೊದಲ ದೋಣಿ ದಡ ಮುಟ್ಟುವ ಮುಂಚೆಯೇ ಬುದೈರ್ ಉಸ್ತಾದರು ಮೆಂತ್ಯದ ಕಷಾಯದ ಫ್ಲಾಸ್ಕ್ ಹಿಡಿದು ಹೊರಡುತ್ತಾರೆ. ಎಪ್ಪತ್ತೆಂಟರ ಕಾಲು, ಮೀನು ಹರಾಜಿನ ಕಟ್ಟೆ ದಾಟುವುದರೊಳಗೆ ಎರಡು ಕಡೆ ಕೂರಬೇಕು. ಬಲೆ ಹೆಣೆಯುವ ಘರೀಬನ ಗುಡಿಸಲಿಗೆ ಬಂದವರು ಕೂಡಲೇ ಬಾಗಿಲು ತಟ್ಟುವುದಿಲ್ಲ. ನಿಂತು ಕಿವಿಗೊಡುತ್ತಾರೆ. ಒಳಗಿನಿಂದ ಕೆಮ್ಮು ಕೇಳಿದ ಮೇಲೇ ತಟ್ಟುವುದು.

“ಇದ್ದೀಯೇನೋ?”

“ಇದ್ದೀನಿ. ನಿನ್ನ ಈ ಕಹಿನೀರು ಕುಡಿದೂ ಇದ್ದೀನಿ ಅಂದ್ರೆ ನನ್ನ ಜೀವ ಎಷ್ಟು ಗಟ್ಟಿ ನೋಡು!”

ಉಸ್ತಾದರು ಹೇಳುವುದೆಲ್ಲ ಪಿಸುಮಾತು. ಆರು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆದಾಗ ದನಿಯೂ ಅದರ ಜೊತೆ ಹೋಯಿತು. ಘರೀಬನ ಗುಡಿಸಲಿನಿಂದ ತಮ್ಮ ಅಂಗಡಿಗೆ ಬಂದು ಹಳೆಯ ಸೈಕಲ್ಲಿನ ಬ್ರೇಕ್ ತಂತಿಯ ಹುರಿ ಬಿಚ್ಚುತ್ತಾರೆ. ಅದರ ಎಳೆಗಳೇ ಸಿಮ್ಸಿಮಿಯಾ ಎಂಬ ಮೀಟುವ ವಾದ್ಯದ ಐದು ತಂತಿಗಳು. ವಾರಕ್ಕೆ ಎರಡು ವಾದ್ಯ ಮಾಡಿದರೆ ಹೆಚ್ಚು. “ಮದುವೆ ಮನೇಲಿ ಈಗ ಸ್ಪೀಕರ್ ಡಬ್ಬ ಸಾಕು, ತಾಯಿ. ಇದನ್ನ ಗೋಡೆಗೆ ನೇತು ಹಾಕೋಕೆ ತಗೊಂಡು ಹೋಗ್ತಾರೆ,” ಎನ್ನುತ್ತಾರೆ, ಅದೇ ಓಣಿಯವಳಾದ ನನಗೆ.

ಹಿಂದೆ ಯುದ್ಧದಲ್ಲಿ ಊರಿಗೆ ಮುತ್ತಿಗೆ ಬಿದ್ದ ನೂರು ದಿನ ಇವರು ಮದ್ದುಗುಂಡಿನ ಪೆಟ್ಟಿಗೆಯ ಹಲಗೆಯಿಂದ ವಾದ್ಯ ಮಾಡಿ ಕಂದಕಗಳಲ್ಲಿ ನುಡಿಸಿದವರು. ‘ನೀರಿನ ಹಾಡು’ ಕಟ್ಟಿದ್ದು ಆಗಲೇ. ಆಮೇಲೆ ಇಲ್ಲಿನ ವಾರಪತ್ರಿಕೆಗೆ ಪ್ರತಿ ಗುರುವಾರ ರಾಜಕೀಯ ಅಂಕಣ: ಹಮಾಲರ ಕೂಲಿ, ಬತ್ತಿದ ನಲ್ಲಿ, ಮಂತ್ರಿಗಳ ಭಾಷಣ. ನಮ್ಮ ಓಣಿಯಲ್ಲಿ ಓದು ಬಾರದವರು ಓದಿಸಿ ಕೇಳುತ್ತಿದ್ದರು. ಸೆರೆಮನೆಯಿಂದ ಬಂದ ಮೇಲೆ ಮದುವೆಗಳಲ್ಲಿ ನುಡಿಸಿದರು, ಶಾಲೆಯ ನಾಟಕಗಳಿಗೆ ರಾಗ ಹಾಕಿದರು, ಕೋರ್ಟಿನ ಮೆಟ್ಟಿಲ ಮೇಲೆ ಕೂತು ಬಡವರ ಅರ್ಜಿ ಬರೆದರು.

ಸೆರೆಮನೆಗೆ ಹೋದದ್ದು ರೊಟ್ಟಿಯ ಬೆಲೆ ಏರಿದ ವರ್ಷ. ಮೆರವಣಿಗೆ ಹೊರಟಿತು, ಜನ ‘ನೀರಿನ ಹಾಡ’ನ್ನೇ ಹೊಸ ಸಾಲು ಸೇರಿಸಿ ಹಾಡಿದರು. ನಮ್ಮಲ್ಲಿ ಹಾಡಿನ ಕೊನೆಯ ಚರಣದಲ್ಲಿ ಕಟ್ಟಿದವನ ಹೆಸರಿರುತ್ತದೆ, ಅದನ್ನು ಹಾಡುವುದು ಅವನ ಕೂಟದವರು ಮಾತ್ರ. ಆ ಚರಣ ಪೊಲೀಸರ ಕಿವಿಗೆ ಬಿದ್ದರೆ ಬೇರೆ ಸಾಕ್ಷಿ ಬೇಡ. ಉಸ್ತಾದರು ತಮ್ಮ ಕೂಟದ ಇಪ್ಪತ್ತು ಹಾಡುಗಾರರನ್ನು ಕೂರಿಸಿ, ಒಂದೇ ರೊಟ್ಟಿ ಮುರಿದು ಉಪ್ಪು ಹಚ್ಚಿ ತಿನ್ನಿಸಿದರು. ಆಣೆ ಇಷ್ಟೇ: ಬುದೈರ್ ಬದುಕಿರುವವರೆಗೆ ಆ ಚರಣ ಯಾರ ಬಾಯಲ್ಲೂ ಬರಬಾರದು.

“ಒಳಗೆ ಹೋದೋನು ಹೆಣವಾಗೇ ಬರೋದು ಅಂದ್ಕೊಂಡಿದ್ದೆ. ಒಂದು ವರ್ಷದ ಮಾತು ಅಂತ ಆಣೆ ಹಾಕಿಸಿದೆ. ಇಷ್ಟು ವರ್ಷ ಬದುಕ್ತೀನಿ ಅಂತ ಯಾರಿಗೆ ಗೊತ್ತಿತ್ತು?”

ಇಪ್ಪತ್ತು ಜನರಿಗೂ ಏಟು ಬಿತ್ತು. ಒಬ್ಬನೂ ಬಾಯಿ ಬಿಡಲಿಲ್ಲ. ಉಸ್ತಾದರಿಗೆ ಅಂಕಣದ ತಪ್ಪಿಗೆ ಮಾತ್ರ ಶಿಕ್ಷೆಯಾಯಿತು, ಹನ್ನೊಂದು ತಿಂಗಳು. ಹಾಡು ಹೆಸರಿಲ್ಲದೆ ಊರೂರಿಗೆ ಹೋಯಿತು. ಹಾಡುಗಾರರು ಆ ಚರಣವನ್ನು ತಮ್ಮ ಮಕ್ಕಳಿಗೂ ಕಲಿಸದೆ ಒಬ್ಬೊಬ್ಬರಾಗಿ ಮಣ್ಣಾದರು. ಉಳಿದವನು ಘರೀಬ, ಎಂಬತ್ತೊಂದು ವರ್ಷದ ಘರೀಬ.

ಈ ಚಳಿಗಾಲ ಊರಿನ ಹಾಡುಗಳ ಪುಸ್ತಕ ಅಚ್ಚಿಗೆ ಸಿದ್ಧವಾಯಿತು. ಸಂಪಾದಕ ಸಾಮಿಹ್ ಒಳ್ಳೆಯ ಹುಡುಗ. ಉಸ್ತಾದರು ಬರೆದುಕೊಟ್ಟ ಚರಣವನ್ನು ಎರಡು ಸಲ ಓದಿದ. “ತಾತ, ಇದೇ ಹಾಡು ತಮ್ಮದು ಅಂತ ಇನ್ನೂ ನಾಲ್ಕು ಜನ ಬರೆದು ತಂದಿದಾರೆ. ಹಳೇ ಕೂಟದವರು ಒಬ್ಬರು ಹಾಡಿ ತೋರಿಸ್ಲಿ, ನಿಮ್ಮ ಹೆಸರು ಹಾಕ್ತೀನಿ. ಭಾನುವಾರದೊಳಗೆ.”

ಶನಿವಾರ ಮುಂಜಾನೆ ಉಸ್ತಾದರು, ಸಾಮಿಹ್ ಇಬ್ಬರೂ ಘರೀಬನ ಮುಂದೆ ಕೂತರು.

“ಹಾಡೋ. ಆಣೆ ಹಾಕಿಸಿದೋನು ನಾನು, ನಾನೇ ಬಿಡಿಸ್ತಿದೀನಿ,” ಎಂದರು ಉಸ್ತಾದರು.

ಘರೀಬ ಬಲೆಯಿಂದ ತಲೆ ಎತ್ತಲಿಲ್ಲ. “ಉಂಡ ಉಪ್ಪು ಕಕ್ಕೋಕಾಗುತ್ತೇನೋ? ಹತ್ತೊಂಬತ್ತು ಜನ ಉಗುರು ಕೀಳಿಸ್ಕೊಂಡು ಕಾಪಾಡಿದ್ದನ್ನ, ಪುಸ್ತಕಕ್ಕೋಸ್ಕರ ನಾನು ಉಗುಳಲಾ? ನಾಳೆ ಅವರ ಪಕ್ಕದಲ್ಲೇ ಮಲಗಬೇಕು ನಾನು.”

“ಹಾಗಾದ್ರೆ ನನ್ನ ಹೆಸರು?”

“ನೀನು ಸಾಯಿ, ಹಾಡ್ತೀನಿ. ಬೇಗ ಸಾಯಿ ಅಂದ್ರೆ ಅದಕ್ಕೂ ಸೋಮಾರಿ!”

ಸಾಮಿಹ್‌ಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಘರೀಬ ನಗಲು ಹೋಗಿ ಕೆಮ್ಮಿದ, ಕೆಮ್ಮು ನಿಲ್ಲಲಿಲ್ಲ. ಉಸ್ತಾದರು ಫ್ಲಾಸ್ಕಿನ ಮುಚ್ಚಳದಲ್ಲಿ ಕಷಾಯ ಸುರಿದು ಅವನ ತುಟಿಗೆ ಹಿಡಿದರು.

ಪುಸ್ತಕ ಬಂದಿದೆ. ನಲವತ್ತೊಂದನೆಯ ಪುಟದಲ್ಲಿ ‘ನೀರಿನ ಹಾಡು’, ಅದರ ಕೆಳಗೆ ‘ಕಟ್ಟಿದವರು ಯಾರೆಂದು ತಿಳಿಯದು’. ಉಸ್ತಾದರು ಆ ಪುಟವನ್ನು ನನಗೆ ತೋರಿಸಿ, ಮತ್ತೆ ತಂತಿಯ ಎಳೆ ಬಿಡಿಸತೊಡಗುತ್ತಾರೆ. ಒಂದು ಎಳೆ ಹಿಡಿಯಲು ಮೂರು ಸಲ ಯತ್ನಿಸುತ್ತಾರೆ.

ಘರೀಬನ ಮೇಲೆ ಸಿಟ್ಟಿಲ್ಲವೇ ಎಂದು ಕೇಳುತ್ತೇನೆ.

“ಅವತ್ತು ಅವನು ಹಾಡಿಬಿಟ್ಟಿದ್ರೆ ಬಹುಶಃ ಸಿಟ್ಟು ಬರ್ತಿತ್ತು,” ಎನ್ನುತ್ತಾರೆ. ಆ ಪಿಸುಮಾತು ಕೇಳಲು ಹತ್ತಿರ ಬಾಗಬೇಕು. “ಇಪ್ಪತ್ತು ಜನ, ತಾಯಿ. ಒಬ್ಬನೂ ಹೇಳಲಿಲ್ಲ. ಅಂಥೋರಿಗೆ ಹಾಡು ಕಟ್ಟಿದೋನು ನಾನು.”

ಮರುದಿನ ಬೆಳಗಿನ ಕಷಾಯಕ್ಕೆ ಮೆಂತ್ಯ ನೆನೆಹಾಕುತ್ತಾ ಅವರು ಇನ್ನೊಂದು ಮಾತು ಸೇರಿಸುತ್ತಾರೆ.

“ದೇವರ ಹತ್ರ ಈಗ ಒಂದೇ ಕೇಳೋದು. ಆ ಮುದುಕ ನನಗಿಂತ ಒಂದೇ ಒಂದು ದಿನ ಹೆಚ್ಚು ಬದುಕಲಿ.”