ಹಿಂಡು ಎಷ್ಟೆಂದು ಕೇಳಿದ್ದು

ತಪ್ಪು ನನ್ನದೇ. ಮೊಮ್ಮಗಳು ಇಂಗ್ಲಿಷಿನಲ್ಲಿ ಏನೋ ಎಡವಟ್ಟು ಮಾಡಿರಬೇಕೆಂದು ಮಗಳು ನನ್ನ ಪರ ಮಾತಾಡಿದಳು. ಅದು ಸುಳ್ಳು. ಹುಡುಗಿ ಸರಿಯಾಗಿಯೇ ಕೇಳಿದಳು. ಕೇಳಬಾರದ್ದನ್ನು ಕೇಳಿಸಿದವಳು ನಾನು.

ಅಮೆರಿಕದ ಇಸ್ಸಾಕ್ವಾ ಊರಿನ ಗುಡ್ಡದಲ್ಲಿ ಮಗಳ ಮನೆ. ಕಾರು ಓಡಿಸಲು ಬಾರದ ನನಗೆ ಹೋಗಿ ಕೂರಲು ಇರುವ ಮನೆ ಒಂದೇ, ಪಕ್ಕದ ಮುದುಕಿಯದು. ಅವಳು ನಾರ್ವೆಯವಳು, ಅಲ್ಲಿನ ಸಾಮಿ ಎಂಬ ಬುಡಕಟ್ಟಿನವಳು. ಅವಳ ಊರೆಂದರೆ ದಿನವಿಡೀ ನಡೆದರೂ ಮುಗಿಯದ ಗುಡ್ಡಸಾಲು, ಮನೆ ಮಾತ್ರ ಅಲ್ಲೊಂದು ಇಲ್ಲೊಂದು. ಅವಳ ಮನೆತನ ಹಿಮಸಾರಂಗ ಮೇಯಿಸುತ್ತಿತ್ತು. ನಾನು ಕುರಿ ಕಾಯುವವರ ಮಗಳು, ಶಾಲೆಗೆ ಹೋದದ್ದು ಎರಡು ವರ್ಷ. ಅವಳು ಬಣ್ಣದ ಪಟ್ಟಿ ನೇಯುತ್ತಾಳೆ, ನಾನು ಉಣ್ಣೆ ನೂಲುತ್ತೇನೆ. ನಮಗೆ ಭಾಷೆ ಬೇಕಾಗಿರಲಿಲ್ಲ.

ಆ ಸಂಜೆ ಮೊಮ್ಮಗಳೂ ಜೊತೆಗಿದ್ದಳು. ಮುದುಕಿ ತನ್ನ ಅಪ್ಪನ ಫೋಟೊ ತೋರಿಸಿದಳು. ಹಿಮದ ತುಂಬ ಕೊಂಬುಗಳೇ ಕೊಂಬುಗಳು.

“ಒಟ್ಟ ಎಷ್ಟ ಇದ್ದುವು, ಕೇಳವಾ,” ಎಂದೆ.

ಹುಡುಗಿ ಕೇಳಿದಳು. ಮುದುಕಿ ಫೋಟೊ ಬೋರಲು ಇಟ್ಟು, ಹುಡುಗಿಗೆ ಎರಡು ಮಾತು ಹೇಳಿ, ಬಾಗಿಲು ತೆರೆದು ನಿಂತಳು. ಹೊರಟೆವು.

“ಅಜ್ಜಿ, ಶಿ ಈಸ್ ಅಪ್‌ಸೆಟ್. ಅದನ್ನ ಯಾರೂ ಕೇಳಬಾರದಂತೆ. ರೂಡ್ ಅಂತೆ.”

“ನಮ್ಮೋರೂ ಕೇಳೂದಿಲ್ಲ.”

“ಮತ್ತೆ ನೀನ್ಯಾಕೆ ಕೇಳಿದೆ?”

“ಸೊಕ್ಕು! ನಮ್ಮಪ್ಪನ ಹಿಂಡಿಗಿಂತ ದೊಡ್ಡದ ಐತೇನು ನೋಡಬೇಕಿತ್ತು.”

ಕುರಿ ಎಷ್ಟೆಂದು ಯಾರಾದರೂ ಕೇಳಿದರೆ ನನ್ನ ಅಪ್ಪ “ದೇವರು ಕೊಟ್ಟಷ್ಟ ಅದಾವ” ಎಂದು ಎದ್ದು ಹೋಗುತ್ತಿದ್ದ. ಲೆಕ್ಕ ಹೊರಬಿದ್ದರೆ ಹಿಂಡು ಕರಗುತ್ತದೆಂಬ ಭಯ. ಆ ಸಂಖ್ಯೆಯನ್ನು ನಾನು ಗಂಡನಿಗೂ ಹೇಳಿರಲಿಲ್ಲ. ಅಷ್ಟು ದೂರದ ಹಿಮದಲ್ಲೂ ನಮ್ಮಂಥ ಬಿಗುವಿನ ಜನ ಇದ್ದಾರಲ್ಲ ಎಂದು ನನಗೆ ಹೆಮ್ಮೆಯೇ ಆಯಿತು. ಆದರೆ ಆ ಬಾಗಿಲು ಮುಚ್ಚಿದರೆ ಈ ಊರಿನಲ್ಲಿ ನನಗೆ ಇನ್ನೊಂದು ಬಾಗಿಲಿಲ್ಲ.

“ಸಾರಿ ಕಾರ್ಡ್ ತರ್ತೀನಿ ಬಿಡವ್ವ, ಕೊಟ್ಟರಾಯ್ತು,” ಎಂದಳು ಮಗಳು, ಮನೆಯಲ್ಲಿ ವಿಷಯ ತಿಳಿದ ಮೇಲೆ.

“ಅಂಗಡಿ ಕಾಗದ ತಗೊಂಡ ಆಕಿ ಏನ ಮಾಡ್ತಾಳ?” ಎಂದೆ.

ಮರುದಿನ ಬೆಳಿಗ್ಗೆ ಉಣ್ಣೆ ನೂಲುವ ಕದಿರನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬಳೇ ಹೋಗಿ ಬಾಗಿಲು ಬಡಿದೆ. ಅವಳು ತೆರೆದಳು, ಒಳಗೆ ಕರೆಯಲಿಲ್ಲ. ನಾನು ಕುರಿಯಂತೆ ಬ್ಯಾ ಎಂದು ಕೂಗಿ, ಎದೆ ಮುಟ್ಟಿಕೊಂಡು, ಅಪ್ಪನ ಲೆಕ್ಕ ಹೇಳಲು ಬೆರಳು ಮಡಚತೊಡಗಿದೆ, ನೂರಕ್ಕೊಂದು ಬೆರಳು. ಮೂರನೆಯದಕ್ಕೆ ಅವಳು ನನ್ನ ಕೈಯನ್ನು ಗಪ್ಪನೆ ಹಿಡಿದು ಬೇಡವೆಂದು ತಲೆಯಾಡಿಸಿದಳು. ಇನ್ನೂ ಬೆರಳು ಉಳಿದಿದ್ದವು. ಅವಳು ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಒಳಗೆ ಹೋಗಿ ನನ್ನ ಕುರ್ಚಿಯಲ್ಲಿ ಕೂತು ನೂಲಲು ಶುರುಮಾಡಿದೆ.