ಬೀಜಕ್ಕೆ ಬಿಟ್ಟ ಅವರೆ

ಮೈಲಾಪೂರದ ನಮ್ಮ ಮನೆಯ ತಾರಸಿಯಲ್ಲಿ, ಬ್ಯಾಂಕಿನ ಕೆಲಸ ಮುಗಿಸಿ ಬಂದು ನೀರು ಹಾಕಿ, ಡ್ರಮ್ಮುಗಳಲ್ಲಿ ಅವರೆ ಬೆಳೆಯುತ್ತೇನೆ. ಬೀಜ ನಮ್ಮೂರ ಬೆಟ್ಟದ ಮೇಲಿನ ನಮ್ಮ ಎರಡೆಕರೆ ಹೊಲದ್ದು, ಗೊಬ್ಬರ ಅವ್ವನ ಆಡುಗಳದ್ದು. ಹಿಕ್ಕೆಯ ಚೀಲವನ್ನು ರೈಲಿನಲ್ಲಿ ತರುವಾಗ ಎದುರು ಸೀಟಿನವರು ಮೂಗು ಮುಚ್ಚಿಕೊಂಡರು. ನಾನು ಅದನ್ನು ಸೀಟಿನ ಕೆಳಗೆ ಕೂಡ ತಳ್ಳಲಿಲ್ಲ.

ಮೊದಲ ವರ್ಷ ಒಳ್ಳೆಯ ಕಾಯಿಗಳನ್ನೆಲ್ಲ ಕಿತ್ತು ಸಾರು ಮಾಡಿ, ಬೀಗುತ್ತ ಅವ್ವನಿಗೆ ಫೋನ್ ಮಾಡಿದೆ. "ದಪ್ಪ ಕಾಯ್ನೆಲ್ಲ ತಿಂದ್ಬುಟ್ಟು ಬಿತ್ನೆಗೆ ಏನ್ ಮಡಗಿದ್ದೀಯವ್ವ?" ಎಂದಳು. ನಮ್ಮೂರಲ್ಲಿ ಚೆನ್ನಾಗಿ ಕಾಯಿ ಕಚ್ಚಿದ ಬಳ್ಳಿಗೆ ಹಳೇ ಸೀರೆಯ ಚೂರು ಕಟ್ಟುತ್ತಾರೆ. ಆಮೇಲೆ ಅದು ಬೀಜಕ್ಕೇ ಮೀಸಲು, ಮನೆಯವರು ಯಾರೂ ಮುಟ್ಟುವಂತಿಲ್ಲ. ಅದನ್ನು ನೋಡುತ್ತಲೇ ಬೆಳೆದ ನಾನು ಮರೆತಿದ್ದೆ.

ಮರುವರ್ಷ ನಾನೂ ಒಂದು ಬಳ್ಳಿಗೆ ಕೆಂಪು ಚೂರು ಕಟ್ಟಿದೆ. "ದಿರುಷ್ಟಿಕ್ಕಾ?" ಎಂದು ಪಕ್ಕದ ಮನೆಯಾಕೆ ತಮಿಳಿನಲ್ಲಿ ಕೇಳಿದರು. ದೃಷ್ಟಿಗಲ್ಲ, ಬೀಜಕ್ಕೆ ಎಂದೆ. ಕೀಳಲು ಬಂದ ನನ್ನ ಮಕ್ಕಳನ್ನೂ ಗದರಿ ಕಳಿಸಿದೆ. ಕಾಯಿ ಬಳ್ಳಿಯಲ್ಲೇ ಒಣಗಿ ಗಲಗಲ ಅನ್ನುವವರೆಗೆ ಕಾದೆ.

ಆ ಬೀಜವನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಊರಿಗೆ ಹೋದೆ. ಅವ್ವ ಒಂದನ್ನು ಬಾಯಿಗೆ ಹಾಕಿ ಕಟಕ್ಕನೆ ಕಡಿದು ನೋಡಿದಳು. ಹೊರಗಿನ ಬೀಜವನ್ನು ಇದುವರೆಗೆ ಹೊಸಲು ದಾಟಿಸಿದವಳಲ್ಲ ಅವಳು. ಒಳಗೆ ಹೋಗಿ, ಬೂದಿ ಬೆರೆಸಿಟ್ಟ ತನ್ನ ಬಿತ್ತನೆ ಬೀಜದ ಮಡಕೆಯನ್ನು ತಂದು ಬಾಯಿಬಟ್ಟೆ ಬಿಚ್ಚಿದಳು.

"ಸುರಿ ಇದ್ಕೆ" ಎಂದಳು.